ಸಹಾಯ ಬೇಕು: ಡಚ್ ಅಡ್ಡಹೆಸರು ‘ಡೆ ವೊಸ್’ ಕೂದಲಿಂದ ಬಂತಾ, ಮನೆ ಫಲಕದಿಂದ ಬಂತಾ?

ನೆದರ್‌ಲ್ಯಾಂಡ್ಸ್‌ನ ಪ್ರಾಣಿ ಅಡ್ಡಹೆಸರುಗಳ ಮೂಲ ಹುಡುಕೋ ಕೆಲಸ ಒಂದೇ ಕಡೆ ಸಿಕ್ಕಿಕೊಂಡಿದೆ, ಗೊತ್ತಿರೋರು ದಯವಿಟ್ಟು ದಾರಿ ತೋರಿಸಿ.

ಡಚ್‌ನಲ್ಲಿ ವೊಸ್ ಅಂದ್ರೆ ನರಿ, ‘ಡೆ’ ಅಂದ್ರೆ ಇಂಗ್ಲಿಷ್‌ನ ‘ದಿ’ ಥರ. ಕೆಂಗೂದಲಿನವನಿಗೆ ಇಟ್ಟ ಹೆಸರಿರಬಹುದು. ನರಿ ಚಿತ್ರದ ಫಲಕ ತೂಗುಹಾಕಿದ್ದ ಮನೆಯಿಂದಲೋ ಛತ್ರದಿಂದಲೋ ಬಂದಿರಬಹುದು. ಮನೆಗಳಿಗೆ ನಂಬರ್ ಇಲ್ಲದ ಕಾಲದಲ್ಲಿ ಫಲಕವೇ ವಿಳಾಸ. ಹುಂಜದ ‘ಡೆ ಹಾನ್’, ಸಿಂಹದ ‘ಡೆ ಲೇವ್’ ಇವಕ್ಕೂ ಇದೇ ಗೊಂದಲ. ‘ಡೆ ಬೇರ್’ ಇನ್ನೂ ಕಷ್ಟ: ಬೇರ್ ಅಂದ್ರೆ ಕರಡಿಯೂ ಹೌದು, ಗಂಡು ಹಂದಿಯೂ ಹೌದು.

1811ರಿಂದೀಚಿನ ಸಿವಿಲ್ ನೋಂದಣಿ (ಸರ್ಕಾರದ ಜನನ, ಮದುವೆ, ಮರಣ ದಾಖಲೆ) ನೋಡಿದ್ದಾಯ್ತು. ಅಷ್ಟರಲ್ಲಿ ಹೆಸರು ಗಟ್ಟಿಯಾಗಿರುತ್ತೆ, ಕಾರಣ ಸಿಗಲ್ಲ. ಹಿಂದಿನ ಚರ್ಚ್ ಪುಸ್ತಕಗಳಲ್ಲಿ ಅಪ್ಪ ‘ಇನ್ ಡೆ ವೊಸ್’ (‘ನರಿ’ ಮನೆಯಲ್ಲಿರೋನು), ಮಗ ಬರೀ ‘ಡೆ ವೊಸ್’ ಅಂತಿದ್ರೆ ಫಲಕದ ಕಡೆಗೆ ವಾಲಬಹುದು. ಸೂಚಿಯಲ್ಲಿ ನೆದರ್‌ಲ್ಯಾಂಡ್ಸ್‌ನವರು ‘ವೊಸ್’ ಅಡಿ, ಬೆಲ್ಜಿಯಂನವರು ‘ಡೆ’ ಅಡಿ ಸೇರಿಸ್ತಾರೆ, ಅದನ್ನೂ ಎರಡೂ ಕಡೆ ನೋಡಿದ್ದೇವೆ.

ಸಮಸ್ಯೆ ಇಲ್ಲಿದೆ: ಅಪ್ಪ ಮಗ ಇಬ್ಬರೂ ‘ಡೆ ವೊಸ್’, ಮನೆಯ ಹೆಸರೂ ಅದೇ. ಮನೆಯಿಂದ ಮನುಷ್ಯನಿಗೆ ಬಂತಾ, ಅಡ್ಡಹೆಸರು ನೋಡಿ ಫಲಕ ಬರೆಸಿದ್ರಾ?

ಮನೆ ಮಾರಾಟದ ಪತ್ರ, ನೋಟರಿ ದಾಖಲೆ, ತೆರಿಗೆ ಪಟ್ಟಿ, ಇವುಗಳಲ್ಲಿ ಯಾವುದನ್ನ ಮೊದಲು ನೋಡಿದ್ರೆ ಇದು ಖಚಿತವಾಗುತ್ತೆ?