ಅತ್ತೆಯವರು ಕನ್ನಡ ಬಿಟ್ಟು ತುಳುವಿಗೆ ಮರಳಿದ್ದಾರೆ: ಕನ್ನಡ ಅಭ್ಯಾಸ ಮಾಡಿಸಬೇಕೇ?

ಪ್ರಶ್ನೆ:
ನಮ್ಮ ಅತ್ತೆಯವರ ಮನೆಮಾತು ತುಳು. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಅವರ ವ್ಯವಹಾರವೆಲ್ಲ ಕನ್ನಡದಲ್ಲೇ ನಡೆದಿತ್ತು. ಅಲ್ಜೈಮರ್ ಕಾಯಿಲೆಯೆಂದು ವೈದ್ಯರು ಗುರುತಿಸಿದ ನಂತರ, ಅವರು ತುಳು ಬಾರದ ನನ್ನೊಡನೆ ಮತ್ತು ಮಕ್ಕಳೊಡನೆಯೂ ಕ್ರಮೇಣ ತುಳುವಿನಲ್ಲೇ ಮಾತನಾಡತೊಡಗಿದ್ದಾರೆ. ಕನ್ನಡದಲ್ಲಿ ಹೇಳುವಂತೆ ಒತ್ತಾಯಿಸಿ ಅಭ್ಯಾಸ ಮಾಡಿಸುವುದು ಸರಿಯೇ? ಎರಡು ಭಾಷೆ ಬಲ್ಲವರಿಗೆ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುವ ಸ್ಥಿತಿ; ಅಲ್ಜೈಮರ್ ಅದರ ಒಂದು ಬಗೆ) ಬರುವುದಿಲ್ಲವೆಂದು ಓದಿದ್ದೆ. ಹಾಗಿದ್ದರೆ ಇವರಿಗೇಕೆ ಬಂತು?

ಉತ್ತರ 1:
ಬರುವುದೇ ಇಲ್ಲವೆಂದು ಸಂಶೋಧಕರು ಹೇಳಿಲ್ಲ, ತಡವಾಗಿ ಕಾಣಿಸಿಕೊಳ್ಳಬಹುದು ಎಂದಷ್ಟೇ ಹೇಳಿದ್ದಾರೆ. ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಲಕ್ಷಣಗಳು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಆರಂಭವಾಗಿದ್ದವು. ಅನಕ್ಷರಸ್ಥರಲ್ಲೂ ಈ ಅಂತರ ಕಂಡುಬಂದದ್ದರಿಂದ ಇದು ಕೇವಲ ಶಾಲಾ ಶಿಕ್ಷಣದ ಫಲವೆನ್ನಲಾಗದು. ನನ್ನ ದೃಷ್ಟಿಯಲ್ಲಿ ಆ ಅಧ್ಯಯನದ ಅತ್ಯಂತ ಮಹತ್ವದ ಅಂಶ ಇದೇ. ಎರಡು ಭಾಷೆಗಳಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ತಡೆಹಿಡಿಯುವ ಕೆಲಸವನ್ನು ಮಿದುಳು ಜೀವನವಿಡೀ ಮಾಡುವುದರಿಂದ, ರೋಗದ ಹಾನಿಯನ್ನು ಹೆಚ್ಚು ಕಾಲ ಸರಿದೂಗಿಸುವ ಶಕ್ತಿ ಅದಕ್ಕೆ ಬರುತ್ತದೆ ಎಂಬುದು ವಿವರಣೆ. ಹಾನಿ ಮಾತ್ರ ಒಳಗೆ ಮುಂದುವರಿಯುತ್ತಲೇ ಇರುತ್ತದೆ. ಆರೋಗ್ಯವಂತರನ್ನು ವರ್ಷಗಟ್ಟಲೆ ಗಮನಿಸಿದ ಹಲವು ಅಧ್ಯಯನಗಳಲ್ಲಿ ಇಂಥ ಲಾಭ ಸ್ಪಷ್ಟವಾಗಿ ಕಾಣದಿರುವುದರಿಂದ ಚರ್ಚೆ ಇನ್ನೂ ಮುಗಿದಿಲ್ಲ.

ಉತ್ತರ 2:
ಡಿಮೆನ್ಷಿಯಾ ಇರುವವರ ಆರೈಕೆಯಲ್ಲಿ ತೊಡಗಿರುವವಳಾಗಿ ಹೇಳುತ್ತೇನೆ, ದಯವಿಟ್ಟು ಒತ್ತಾಯಿಸಬೇಡಿ. ಎರಡು ಭಾಷೆಗಳನ್ನು ಬೇರ್ಪಡಿಸಿ, ಎದುರಿಗಿರುವವರಿಗೆ ತಕ್ಕ ಭಾಷೆಯನ್ನು ಆರಿಸುವ ಸಾಮರ್ಥ್ಯವೇ ಈ ಕಾಯಿಲೆಯಲ್ಲಿ ಕುಂದುತ್ತದೆ. ಆಗ ಬಾಲ್ಯದಲ್ಲಿ ಕಲಿತ ಭಾಷೆ ಮುಂದೆ ಬರುವುದು ಅನೇಕರಲ್ಲಿ ಕಂಡುಬರುತ್ತದೆ. ತಿದ್ದಿದರೆ ಅವರಿಗೆ ಕನ್ನಡ ಮರಳುವುದಿಲ್ಲ, ಗಾಬರಿ ಹೆಚ್ಚುತ್ತದೆ, ಕೊನೆಗೆ ಮಾತನ್ನೇ ನಿಲ್ಲಿಸಿಬಿಡಬಹುದು. ನೋವು, ಬಾಯಾರಿಕೆ, ಹಸಿವು, ಶೌಚ ಇವುಗಳಿಗೆ ಸಂಬಂಧಿಸಿದ ತುಳು ಮಾತುಗಳನ್ನು ಮನೆಯವರೆಲ್ಲ ಮೊದಲು ಕಲಿಯಿರಿ. ಅವರ ಅಕ್ಕತಂಗಿಯರಿದ್ದರೆ ದಿನವೂ ಫೋನಿನಲ್ಲಿ ಮಾತನಾಡಿಸಿ. ಕಿವಿಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ, ಏಕೆಂದರೆ ಸರಿಯಾಗಿ ಕೇಳಿಸದಿದ್ದಾಗಲೂ ಅರ್ಥವಾಗುತ್ತಿಲ್ಲವೆಂದೇ ನಮಗೆ ತೋರುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮುಂದಿನ ತಿಂಗಳು ಸ್ಮರಣಶಕ್ತಿಯ ಪರೀಕ್ಷೆಯನ್ನು ಮತ್ತೆ ಕನ್ನಡದಲ್ಲೇ ಮಾಡುತ್ತಾರಂತೆ. ಅಂಕ ಕಡಿಮೆ ಬಂದರೆ ಕಾಯಿಲೆ ಅಷ್ಟು ಬೆಳೆದಿದೆಯೆಂದು ತಿಳಿಯಬೇಕೇ?

ಉತ್ತರ 1:
ಅಂಕವೊಂದನ್ನೇ ನೋಡಿ ಹಾಗೆ ತೀರ್ಮಾನಿಸಲಾಗದು, ಏಕೆಂದರೆ ಕನ್ನಡ ಕುಂದಿರುವುದರಿಂದಲೂ ಅಂಕ ಇಳಿಯಬಹುದು. ನೆನಪು ಮುಂತಾದ ಸಾಮರ್ಥ್ಯಗಳನ್ನು ಅಳೆಯುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷಾ ಸಾಧನವು ಕನ್ನಡ, ತೆಲುಗು, ಮಲಯಾಳಂ, ಹಿಂದಿ ಮತ್ತು ಬಂಗಾಳಿಗಳಲ್ಲಿ ಸಿದ್ಧವಾಯಿತು. ಆ ಐದರಲ್ಲಿ ತುಳು ಇಲ್ಲ. ಆದ್ದರಿಂದ ಅತ್ತೆಯವರು ಈಗ ಮನೆಯಲ್ಲಿ ತುಳುವನ್ನೇ ಆಡುತ್ತಾರೆಂದು ವೈದ್ಯರಿಗೆ ಮೊದಲೇ ತಿಳಿಸಿ, ತುಳು ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಸ್ನಾನ, ಉಡುಗೆ, ಊಟಗಳನ್ನು ಅವರು ಎಷ್ಟರಮಟ್ಟಿಗೆ ತಾವೇ ಮಾಡಿಕೊಳ್ಳುತ್ತಾರೆ ಎಂಬುದನ್ನೂ ಬರೆದುಕೊಂಡು ಹೋದರೆ ವೈದ್ಯರಿಗೆ ಅಂಕದಷ್ಟೇ ನೆರವಾಗುತ್ತದೆ.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ: ಒಂದೆರಡು ದಿನಗಳಲ್ಲೇ ಮಾತು ಥಟ್ಟನೆ ತೊದಲಿದರೆ ಅಥವಾ ಗೊಂದಲ ಹೆಚ್ಚಿದರೆ ಆ ತಿಂಗಳಿನವರೆಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಪಾರ್ಶ್ವವಾಯು, ಮೂತ್ರದ ಸೋಂಕು ಅಥವಾ ಹೊಸ ಔಷಧಿ ಅದಕ್ಕೆ ಕಾರಣವಾಗಿರಬಹುದು.