ಪದಚರ್ಚೆ: ಡಾರ್ಕ್ ಮ್ಯಾಟರ್ ಕಪ್ಪೋ, ಕತ್ತಲೋ, ಕಾಣದ್ದೋ?

ಸ್ನೇಹಿತರೇ, ನಮಸ್ಕಾರ.

ಹಾಸನದಿಂದ ಒಂದು ಪ್ರಶ್ನೆ. ನಮ್ಮ ಕಾಲೇಜಿಗೆ ಮುಂದಿನ ವಾರ ಒಬ್ಬ ಸೈದ್ಧಾಂತಿಕ ಭೌತವಿಜ್ಞಾನಿ ಮಾತಾಡಲು ಬರುತ್ತಿದ್ದಾರೆ. ಅವರ ಸಂಶೋಧನೆಯ ವಿವರ ಎರಡು ಪುಟ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಿತ್ತು. ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದೆ, ತನ್ನ ಸೆಳೆತದಿಂದಷ್ಟೇ ಗೊತ್ತಾಗುವ ದ್ರವ್ಯ) ಅನ್ನುವುದಕ್ಕೆ ಸುಮ್ನೆ 'ಕಪ್ಪು ದ್ರವ್ಯ' ಅಂತ ಬರೆದುಕೊಟ್ಟೆ. ಫ್ಲೆಕ್ಸ್ ಮಾಡುವವರು ಯ ಒತ್ತು ನುಂಗಿಬಿಟ್ಟರು. ಈಗ ಗೇಟಿನ ಪಕ್ಕ 'ಕಪ್ಪು ದ್ರವದ ಬಗ್ಗೆ ಸಂಶೋಧನೆ' ಅಂತ ದಪ್ಪ ಅಕ್ಷರದಲ್ಲಿ ನೇತಾಡುತ್ತಿದೆ. ನಮ್ಮ ಅಟೆಂಡರ್ ಬಂದು "ಏನ್ ಸಾರ್, ಡಾಂಬರಾ?" ಅಂತ ಕೇಳಿದರು.

ಒತ್ತು ಸರಿ ಮಾಡಿಸಬಹುದು. ಆದರೆ ಪದವೇ ಸರಿಯಿದೆಯಾ ಅನ್ನುವ ಅನುಮಾನ ಶುರುವಾಗಿದೆ.

ಕಪ್ಪು ಅಂದರೆ ಬಣ್ಣ. ಬೇಲೂರಿನ ಮದನಿಕೆಯರ ಕಪ್ಪು ಕಲ್ಲು ನಮಗೆ ಚೆನ್ನಾಗಿಯೇ ಕಾಣುತ್ತದೆ, ಹಿಂದಿರುವುದನ್ನು ಮರೆಮಾಡುತ್ತದೆ ಕೂಡ. ಡಾರ್ಕ್ ಮ್ಯಾಟರ್ ಹಾಗಲ್ಲ. ಅದು ಬೆಳಕನ್ನು ಹೊರಬಿಡುವುದಿಲ್ಲ, ಹೀರುವುದೂ ಇಲ್ಲ. ಬೆಳಕು ಅದರ ಮೂಲಕ ಆರಾಮಾಗಿ ಹಾದು ಬರುತ್ತದೆ. ಅದರ ತೂಕದಿಂದ ದಾರಿ ಕೊಂಚ ಬಾಗುತ್ತದೆ, ಅಷ್ಟೇ. ಬ್ಲ್ಯಾಕ್ ಹೋಲಿಗೆ 'ಕಪ್ಪು ಕುಳಿ' ಒಪ್ಪುತ್ತದೆ, ಅದು ಬೆಳಕನ್ನೇ ನುಂಗುವಂಥದ್ದು. ಎರಡಕ್ಕೂ ಒಂದೇ 'ಕಪ್ಪು' ಹಾಕಿದರೆ ಮಕ್ಕಳು ಎರಡೂ ಒಂದೇ ಜಾತಿ ಅಂದುಕೊಳ್ಳುತ್ತಾರೆ.

1933ರಲ್ಲಿ ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿ ಇದನ್ನು ಜರ್ಮನ್‌ನಲ್ಲಿ 'ಡುಂಕ್ಲೆ ಮಾಟೆರಿಯೆ' ಅಂತ ಬರೆದಿದ್ದರು. ಕೋಮಾ ಅನ್ನುವ ಗೆಲಾಕ್ಸಿ ಗೊಂಚಲಿನಲ್ಲಿ ಗೆಲಾಕ್ಸಿಗಳು ಎಷ್ಟು ಜೋರಾಗಿ ಓಡುತ್ತಿದ್ದವೆಂದರೆ, ಕಾಣುವ ದ್ರವ್ಯದ ಸೆಳೆತವೊಂದೇ ಅವುಗಳನ್ನು ಹಿಡಿದಿಡಲು ಸಾಲುತ್ತಿರಲಿಲ್ಲ. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿ ಸುತ್ತುವ ವೇಗವನ್ನು ಅಳೆದಾಗಲೂ, ಅಂಚಿನ ಕಡೆ ಹೋದಂತೆ ವೇಗ ಇಳಿಯಬೇಕಾದಷ್ಟು ಇಳಿಯಲಿಲ್ಲ. ಅಂದರೆ ಕಾಣದ ಏನೋ ಒಂದು ಸೆಳೆಯುತ್ತಿರಬೇಕು. ಸಂಬಳ ನೋಡಿದರೆ ಮೂವತ್ತು ಸಾವಿರ, ಮನೆ ನೋಡಿದರೆ ಮೂರಂತಸ್ತು ಅಂದಾಗ ನಾವು ಏನಂತೀವಿ? ಕಪ್ಪು ಹಣ! ಆ ಅರ್ಥದಲ್ಲಿ ನೋಡಿದರೆ 'ಕಪ್ಪು' ಪೂರ್ತಿ ತಪ್ಪಲ್ಲ, ಅಲ್ವಾ? ಈಗಿನ ಲೆಕ್ಕದಲ್ಲಿ ವಿಶ್ವದ ಸುಮಾರು ಶೇ. 27 ಇಂಥದ್ದು, ನಮಗೆ ಗೊತ್ತಿರುವ ಮಾಮೂಲಿ ದ್ರವ್ಯ ಶೇ. 5 ಮಾತ್ರ.

ನನ್ನ ಮನಸ್ಸು 'ಕಾಣದ ದ್ರವ್ಯ'ದ ಕಡೆ ವಾಲುತ್ತಿದೆ. ಸಹೋದ್ಯೋಗಿಯೊಬ್ಬರು "ಗಾಳಿಯೂ ಕಾಣಲ್ಲ, ನ್ಯೂಟ್ರಿನೋ ಅನ್ನೋ ಕಣಾನೂ ಕಾಣಲ್ಲ" ಅಂದರು. ಅವರ ವೋಟು 'ಕತ್ತಲ ದ್ರವ್ಯ'ಕ್ಕೆ. ಕೇಳಲು ಚೆನ್ನಾಗಿದೆ, ಆದರೆ ಕತ್ತಲೇ ಒಂದು ವಸ್ತು ಅನ್ನಿಸಿಬಿಡುತ್ತದೆ. ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳೋಣ ಅಂದರೆ, ನಮ್ಮ ಹುಡುಗರಿಗೆ 'ಮ್ಯಾಟರ್' ಅಂದರೆ ಬೇರೆಯೇ ಮ್ಯಾಟರ್.

ಇನ್ನೊಂದು ತೊಡಕು ಇದಕ್ಕಿಂತ ಜೋರು. ಆ ವಿವರದಲ್ಲಿ 'ಕ್ಯಾಂಡಿಡೇಟ್' ಅನ್ನುವ ಪದ ಸಾಲುಸಾಲಿಗೂ ಬರುತ್ತದೆ. ಡಾರ್ಕ್ ಮ್ಯಾಟರ್ ಇದೇ ಇರಬಹುದು ಅಂತ ಊಹಿಸಿರುವ ಕಣಗಳಿಗೆ ಹಾಗೆ ಹೇಳುತ್ತಾರೆ: ಆಕ್ಸಿಯಾನ್, ವಿಂಪ್, ಹೀಗೆ. (ಆಕ್ಸಿಯಾನ್ ಅನ್ನುವುದು ಬಟ್ಟೆ ಒಗೆಯುವ ಪುಡಿಯ ಹೆಸರು. ಭೌತವಿಜ್ಞಾನಿ ಫ್ರಾಂಕ್ ವಿಲ್ಚೆಕ್ ಕಣಕ್ಕೆ ಹೆಸರನ್ನು ಅಲ್ಲಿಂದ ಎತ್ತಿಕೊಂಡರು. ನಮ್ಮವರು ಇಷ್ಟು ಸಲೀಸಾಗಿ ಹೆಸರಿಡುತ್ತಾರಾ?) ನಾನು 'ಅಭ್ಯರ್ಥಿ ಕಣಗಳು' ಅಂತ ಬರೆದೆ. ಓದಿ ನೋಡಿದರೆ, 'ಕಣದಲ್ಲಿ ಇನ್ನೂ ಮೂವರು ಅಭ್ಯರ್ಥಿಗಳು' ಅನ್ನುವ ಚುನಾವಣೆ ಸುದ್ದಿಯಂತಿದೆ. ರಾಗಿ ಒಕ್ಕುವ ಕಣ, ಚುನಾವಣೆಯ ಕಣ, ಈ ಕಣ, ಮೂರೂ ಒಂದೇ ಕಾಗುಣಿತ. 'ಉಮೇದುವಾರ' ಅಂದರೂ ಅದೇ ಕಥೆ. ಕೊನೆಗೆ 'ಡಾರ್ಕ್ ಮ್ಯಾಟರ್ ಆಗಿರಬಹುದಾದ ಕಣಗಳು' ಅಂತ ಬಿಡಿಸಿ ಬರೆದೆ. ಉದ್ದವಾಯಿತು, ಆದರೆ ಯಾರೂ ನಗುವುದಿಲ್ಲ. ಇದಕ್ಕೊಂದು ಗಿಡ್ಡ ಪದ ಹೊಳೆಯುತ್ತದಾ?

'ಹೇಲೋ' ಕೂಡ ಇದೆ. ಗೆಲಾಕ್ಸಿಯ ಸುತ್ತ ಹಬ್ಬಿರುವ ಡಾರ್ಕ್ ಮ್ಯಾಟರ್. 'ಪ್ರಭಾವಳಿ' ಅಂತ ಹಾಕಿ ಹೊಡೆದುಹಾಕಿದೆ. ಬೆಳಕೇ ಇಲ್ಲದ್ದಕ್ಕೆ ಎಂಥಾ ಪ್ರಭೆ? ಈಗ 'ಸುತ್ತುಗವಸು' ಅಂತ ಪೆನ್ಸಿಲಿನಲ್ಲಿದೆ, ಪೆನ್ನಿನಲ್ಲಿ ಬರೆಯಲು ಧೈರ್ಯ ಬಂದಿಲ್ಲ.

ಫ್ಲೆಕ್ಸ್ ಗುರುವಾರ ಮತ್ತೆ ಪ್ರಿಂಟಿಗೆ ಹೋಗುತ್ತದೆ. ಬುಧವಾರ ಸಂಜೆಯೊಳಗೆ ನಿಮ್ಮ ಅಭಿಪ್ರಾಯ ತಿಳಿಸಿ. ಯ ಒತ್ತನ್ನು ಈ ಸಲ ನಾನೇ ಅಂಗಡಿಯಲ್ಲಿ ನಿಂತು ನೋಡಿಕೊಳ್ಳುತ್ತೇನೆ.