ಸಹಾಯ ಬೇಕು: ತೂಕ ಇಳಿದಿದೆ, ಈಗ ಸಕ್ಕರೆ ಜಾಸ್ತಿ ಕೆಳಗೆ ಹೋಗ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ 48 ವರ್ಷ, ಟೈಪ್ 2 ಡಯಾಬಿಟಿಸ್. ಐದು ತಿಂಗಳ ಹಿಂದೆ ತೂಕ 92 ಕೆ.ಜಿ., ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ರಕ್ತಪರೀಕ್ಷೆ) 8.1 ಇತ್ತು. ಸಿಹಿ ಪಾನೀಯ ಪೂರ್ತಿ ಬಿಟ್ಟ, ರಾತ್ರಿ ಊಟ ಅರ್ಧ ಮಾಡಿದ, ದಿನಾ ನಡೆಯೋಕೆ ಶುರು ಮಾಡಿದ. ಈಗ 83 ಕೆ.ಜಿ., ಎಚ್‌ಬಿಎ1ಸಿ 6.7. ನಮಗೆಲ್ಲ ತುಂಬಾ ಖುಷಿ.

ಆದರೆ ಮೊನ್ನೆ ಸಂಜೆ ಅಂಗಿಯ ಗುಂಡಿ ಹಾಕೋಕೂ ಆಗದ ಹಾಗೆ ಅವನ ಕೈ ನಡುಗಿತು. ಹಣೆ ತುಂಬ ಬೆವರು. ಮೀಟರ್‌ನಲ್ಲಿ ಸಕ್ಕರೆ 62. ತಕ್ಷಣ ಗ್ಲೂಕೋಸ್ ಕುಡಿಸಿದೆವು. ಅವನು ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಕೂಡ ತಗೊಳ್ತಾನೆ. ಊಟ ಕಡಿಮೆ ಆದರೂ ಈ ಎರಡನೇ ಮಾತ್ರೆ ಇನ್ಸುಲಿನ್ ಬಿಡಿಸುತ್ತಲೇ ಇರುತ್ತೆ, ಅದಕ್ಕೇ ಹೀಗಾಯ್ತು ಅನ್ನಿಸುತ್ತೆ. ನಾವೇ ಮಾತ್ರೆ ನಿಲ್ಲಿಸೋದಿಲ್ಲ, ನಾಳೆ ಡಾಕ್ಟರ್ ಹತ್ತಿರ ಹೋಗ್ತಿದ್ದೀವಿ. ತೂಕ ಇಳಿಸಿದವರು ಅಲ್ಲಿ ಏನೇನು ಕೇಳಿದಿರಿ? ಡೋಸ್ ಹೇಗೆ ಇಳಿಸಿದರು?

ಇನ್ನೊಂದು. ಬ್ರಿಟನ್‌ನ ಡೈರೆಕ್ಟ್ ಅಧ್ಯಯನದಲ್ಲಿ 15 ಕೆ.ಜಿ. ಅಥವಾ ಹೆಚ್ಚು ಇಳಿಸಿದವರಲ್ಲಿ 86% ಜನರಿಗೆ ಒಂದು ವರ್ಷದ ಹೊತ್ತಿಗೆ ಮಾತ್ರೆ ಇಲ್ಲದೆಯೇ ಸಕ್ಕರೆ ಹತೋಟಿಗೆ ಬಂದಿತ್ತು. ಯಕೃತ್ತು, ಮೇದೋಜೀರಕ ಗ್ರಂಥಿಯ ಕೊಬ್ಬು ಕರಗಿದ್ದು ಇದಕ್ಕೆ ಕಾರಣ ಅಂತಾರೆ. ಅಣ್ಣನಿಗೆ ಕಾಯಿಲೆ ಬಂದು ಮೂರೇ ವರ್ಷ, ಹಾಗಾಗಿ ಆಸೆ ಇದೆ. ಆದರೆ ಆರು ವಾರದಿಂದ ತೂಕ 83ರಲ್ಲೇ ನಿಂತಿದೆ. ಹೀಗೆ ನಿಂತಾಗ ನೀವು ಊಟದಲ್ಲಿ ಏನು ಬದಲಾಯಿಸಿದಿರಿ? ದಯವಿಟ್ಟು ನಿಮ್ಮ ಸ್ವಂತ ಅನುಭವ ಹೇಳಿ.